ಗಾರೆಯ ಕೆಳಗಿನ ಹೆಸರು

ಗಾದೆಪ್ಪ ಮೇಷ್ಟ್ರು ಶಾಲೆಯ ಸಭಾಂಗಣದಲ್ಲಿ ಹೆಣವಾಗಿ ಬಿದ್ದಿದ್ದಾರೆಂದು ಮುಖ್ಯೋಪಾಧ್ಯಾಯಿನಿ ನಂದಿನಿ ಬೆಳಿಗ್ಗೆ ಫೋನಿನಲ್ಲಿ ಹೇಳಿದಳು. ಮರುದಿನವೇ ಶಾಲೆಯ ಶತಮಾನೋತ್ಸವ. ಆ ವೇದಿಕೆಯ ಮೇಲೆ ಶಾಲೆಯ ಚರಿತ್ರೆಯನ್ನು ಹೇಳಬೇಕಾಗಿದ್ದವರೇ ಅವರು.

"ನಿಚ್ಚಣಿಕೆ ಮೇಲಿಂದ ಬಿದ್ದಾರ ಅಂತಾರ ಪೊಲೀಸರು," ಎಂದಳು ನಂದಿನಿ. "ನನಗ್ಯಾಕೊ ಸಮಾಧಾನ ಇಲ್ರಿ ಕಾವೇರಿ ಮೇಡಂ. ಶೈಲಕ್ಕನ್ನ ಕರಕೊಂಡು ಬರ್ರಿ."

ನಾನು ಅದೇ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪಾರ್ವತಿನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವ ಶೈಲಜಾ, ಅಂದರೆ ನಮ್ಮೆಲ್ಲರ ಶೈಲಕ್ಕ, ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದವರು. ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಡಲಿಲ್ಲ. ಊರಿನಲ್ಲಿ ಬಗೆಹರಿಯದ್ದೇನಾದರೂ ನಡೆದರೆ ಜನ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಾರೆ. ಈಗಿನ ಇನ್‌ಸ್ಪೆಕ್ಟರ್ ಕೂಡ ಅವರ ಕೈಕೆಳಗೆ ಕೆಲಸ ಕಲಿತವರೇ.

ನಮ್ಮ ಶಾಲೆಗೆ ಊರವರು ಇಟ್ಟ ಹೆಸರು 'ದೊಡ್ಡ ಸಾಲಿ'. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಹುಟ್ಟಿದ್ದು. ಕೋಣೆಗಳ ಒಂದು ಸಾಲಿನಲ್ಲಿ ಕನ್ನಡ, ಇನ್ನೊಂದರಲ್ಲಿ ತೆಲುಗು, ಹಿಂದಿನ ಕಟ್ಟಡದಲ್ಲಿ ಉರ್ದು, ಹೀಗೆ ಮೂರು ಭಾಷೆಗಳ ಮಗ್ಗಿ ಒಟ್ಟಿಗೆ ಕೇಳಿಸುತ್ತಿತ್ತಂತೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ತೆಲುಗಿನ ಮಕ್ಕಳು ಕಡಿಮೆಯಾದರು. ಕೂಲಿಯವರ, ತರಕಾರಿ ಮಾರುವವರ, ಜೀನ್ಸ್ ಹೊಲಿಯುವವರ ಮಕ್ಕಳು ತುಂಬಿಕೊಂಡರು. ಇಷ್ಟು ದೊಡ್ಡ ಶಾಲೆಗೆ ಜಾಗ ಕೊಟ್ಟವರು ಯಾರೆಂಬುದು ಮಾತ್ರ ಯಾರಿಗೂ ಖಚಿತವಿರಲಿಲ್ಲ. ಬ್ರೂಸ್‌ಪೇಟೆಯ ವರ್ತಕ, ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ ವೀರಭದ್ರ ಅವರ ಅಜ್ಜ ಕೊಟ್ಟರೆಂದು ಜನ ಹೇಳುತ್ತಿದ್ದರು. ಆ ಅಜ್ಜನ ಹೆಸರಿನ ಅಮೃತಶಿಲೆಯ ಫಲಕವನ್ನು ಉತ್ಸವದಲ್ಲಿ ತೆರೆಯುವುದೆಂದು ನಿಗದಿಯಾಗಿತ್ತು.

ನಾವು ಹೋದಾಗ ದೇಹವನ್ನು ಇನ್ನೂ ಎತ್ತಿರಲಿಲ್ಲ. ವೇದಿಕೆಯ ಕಲ್ಲಿನ ಅಂಚಿನ ಬಳಿ ಗಾದೆಪ್ಪನವರು ಅಂಗಾತ ಬಿದ್ದಿದ್ದರು. ತಲೆಯ ಹಿಂಭಾಗಕ್ಕೆ ಪೆಟ್ಟು. ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದ ಅಲ್ಯೂಮಿನಿಯಂ ನಿಚ್ಚಣಿಕೆ. ಗೋಡೆಯಲ್ಲಿ ಎದೆಯೆತ್ತರದ ಒಂದು ಕಡೆ ಗಾರೆಯನ್ನು ಉಳಿಯಿಂದ ಕೆತ್ತಿ ತೆಗೆದಿತ್ತು. ಒಳಗೆ ಕಪ್ಪು ಕಲ್ಲು, ಕಲ್ಲಿನ ಮೇಲೆ ಅಕ್ಷರಗಳು. 'ಮಕ್ಕಳ ಓದಿಗೆ ಕೊಟ್ಟ' ಎಂಬಷ್ಟು ಕಾಣುತ್ತಿತ್ತು. ಮುಂದಿನ ಅಕ್ಷರಗಳೂ ಮೇಲಿನ ಸಾಲುಗಳೂ ಗಾರೆಯ ಅಡಿಯಲ್ಲೇ ಇದ್ದವು.

ಶೈಲಕ್ಕ ನಿಚ್ಚಣಿಕೆಯನ್ನು ಎತ್ತಿಸಿ ಅದರ ಕಾಲಿನ ಜಾಗವನ್ನು ನೋಡಿದರು. ಅಲ್ಲಿಯೂ ಗಾರೆಯ ಬಿಳಿ ಪುಡಿ ಹರಡಿತ್ತು. ಆಮೇಲೆ ಸತ್ತವರ ಅಂಗಿಯ ಜೇಬು ನೋಡಿದರು. ಕನ್ನಡಕವನ್ನು ನೀಟಾಗಿ ಮಡಿಚಿ ಇಟ್ಟಿತ್ತು. ಒಂದು ಗಾಜು ಸೀಳಿತ್ತು.

"ಮೇಷ್ಟ್ರಿಗೆ ಕನ್ನಡಕ ಇಲ್ಲದ ಅಕ್ಷರ ಕಾಣತಿತ್ತೇನು?" ಎಂದು ನನ್ನನ್ನು ಕೇಳಿದರು.

"ಇಲ್ಲ ಶೈಲಕ್ಕ. ಅದು ಯಾವಾಗಲೂ ಮೂಗಿನ ಮೇಲೆ, ಇಲ್ಲಾಂದ್ರ ಹಣಿ ಮೇಲೆ. ಜೇಬಿನಾಗ ಇಟ್ಟಿದ್ದನ್ನ ನಾ ನೋಡೇ ಇಲ್ಲ."

ನಂದಿನಿ ಹೇಳಿದ ಪ್ರಕಾರ ಹಿಂದಿನ ಸಂಜೆ ಸಭಾಂಗಣದ ಕಡೆ ಬಂದಿದ್ದವರು ಇಬ್ಬರೇ. ಪೆಂಡಾಲಿನ ಕೆಲಸ ನೋಡಲು ಬಂದ ವೀರಭದ್ರ, ಮಕ್ಕಳಿಗೆ ನಾಡಗೀತೆ ಹೇಳಿಕೊಡಲು ಬಂದ ನಿವೃತ್ತ ಕನ್ನಡ ಮೇಷ್ಟ್ರು ಕರಿಬಸವ. ನಂದಿನಿ ಆಫೀಸಿನ ಕೋಣೆಯಲ್ಲಿ ಗುಮಾಸ್ತರೊಂದಿಗೆ ಇದ್ದಳು. ಬಂದಿದ್ದ ಆ ಇಬ್ಬರು ಯಾವಾಗ ಹೊರಟರೆಂದು ಯಾರೂ ಗಮನಿಸಿರಲಿಲ್ಲ.

ಇದು ಬಿದ್ದು ಆದ ಸಾವಲ್ಲವೆಂದು ಶೈಲಕ್ಕ ಹೇಳುತ್ತಲೇ ವೀರಭದ್ರರ ಮೇಲೆ ಎಲ್ಲರ ಕಣ್ಣು ಬಿತ್ತು. ಗಾರೆಯ ಕೆಳಗಿನ ಹೆಸರು ಅವರ ಅಜ್ಜನದಲ್ಲದಿದ್ದರೆ ಮನೆತನದ ಮರ್ಯಾದೆಗೇ ಕುಂದು. ಇನ್‌ಸ್ಪೆಕ್ಟರ್ ಅವರನ್ನು ಠಾಣೆಗೆ ಕರೆಸಿಕೊಂಡರು. ಶೈಲಕ್ಕ ಮಾತ್ರ ಬ್ರೂಸ್‌ಪೇಟೆಯ ಕಲ್ಲು ಕೆತ್ತುವವನ ಅಂಗಡಿಗೆ ನಡೆದರು. ಅಮೃತಶಿಲೆಯ ಫಲಕ ಅಲ್ಲಿತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

"ನಿನ್ನೆ ಮುಂಜಾನಿ ಸಾವ್ಕಾರ್ರು ಫೋನ್ ಮಾಡಿದ್ರು. ಹೆಸರು ಕೆತ್ತಬ್ಯಾಡ, ತಡಿ ಅಂದ್ರು," ಎಂದ ಅಂಗಡಿಯವನು.

ಅಲ್ಲಿಂದ ಗಾಂಧಿನಗರದ ಗಾದೆಪ್ಪನವರ ಮನೆಗೆ ಹೋದೆವು. ಅವರ ಹೆಂಡತಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದರು. ಹೊರಗಿನ ಬೆಂಚಿನ ಮೇಲೆ ಕರಿಬಸವ ಮೇಷ್ಟ್ರು ತಲೆ ಹಿಡಿದುಕೊಂಡಿದ್ದರು. ಅವರೂ ಗಾದೆಪ್ಪನವರೂ ಒಂದೇ ದಿನ ಕೆಲಸಕ್ಕೆ ಸೇರಿ, ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಬಂದವರು.

"ಗೋಡಿಯೊಳಗೆ ಕಲ್ಲು ಇರೋದು ನಿಮಗ ಗೊತ್ತಿತ್ತೇನ್ರಿ ಸರ್?" ಶೈಲಕ್ಕ ಮೆಲ್ಲಗೆ ಕೇಳಿದರು.

"ಇಲ್ರಿ. ನನಗೊಂದು ಮಾತು ಸೈತ ಹೇಳಲಿಲ್ಲ ಅವ. ವಾರದಿಂದ ಭೆಟ್ಟಿನೂ ಆಗಿದ್ದಿಲ್ಲ. ಕಲ್ಲು ಐತಿ ಅನ್ನೋದು ಇವತ್ತ ಕೇಳಿದ್ದು." ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಯಾವ ಕಾಲಕ್ಕೋ ಆಕಿ ಕೊಟ್ಟ ಜಾಗದ ಸಲುವಾಗಿ ಈಗ ಇವ ಜೀವ ಕೊಡಬೇಕಾತೇನ್ರಿ?"

ಶೈಲಕ್ಕ ಅವರ ಹೆಗಲು ತಟ್ಟಿದರು. ಮನೆಯೊಳಗೆ ಹೋಗಿ, ಗಾದೆಪ್ಪನವರು ಇತ್ತೀಚೆಗೆ ಎಲ್ಲಿಗೆ ಹೋಗಿದ್ದರೆಂದು ಅವರ ಹೆಂಡತಿಯನ್ನು ಕೇಳಿದರು.

"ಸಿರುಗುಪ್ಪಕ್ಕ ಹೋಗಿದ್ರವ್ವ. ಸಾಲಿಯೊಳಗ ಓದಿದ ಮುದುಕಿ ಒಬ್ಬಾಕಿ ಅದಾಳಂತ. ಬಂದಾಗಿಂದ ಹುಡುಗನಂಗ ಆಗಿದ್ರು."

ಉತ್ಸವ ಮುಂದಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ನಾವು ಸಿರುಗುಪ್ಪದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಭತ್ತದ ಗದ್ದೆ, ಕಾಲುವೆಯ ನೀರು.

ಚನ್ನಬಸಮ್ಮನವರಿಗೆ ತೊಂಬತ್ತು ದಾಟಿತ್ತು. ಕಣ್ಣು ಮಂಜಾಗಿದ್ದರೂ ನೆನಪು ಚೊಕ್ಕಟವಾಗಿತ್ತು. "ಹುಡುಗ್ಯಾರನ್ನ ಸೇರಿಸಿಕೊಂಡ ಹೊಸತರಾಗ ನಾ ಸೇರಿದಾಕಿ," ಎಂದರು. "ವೇದಿಕಿ ಬಾಜೂಕ ಕಲ್ಲು ಇತ್ತು. ಅಮ್ಮನ ಕಲ್ಲು ಅಂತಿದ್ವಿ. ಪರೀಕ್ಷಾ ದಿನ ಅದಕ್ಕ ಹೂವಾ ಇಟ್ಟು ಒಳಗ ಹೋಗೋದು. ಕುರುಗೋಡಿನ ಈರಮ್ಮ ಅಂತ ಆಕಿ ಹೆಸರು. ಗುಡಿಗೆ ಬಿಟ್ಟ ಬಸವಿ. ಲಗ್ನ ಇಲ್ಲ, ಗಂಡ ಇಲ್ಲ. ದೇವರ ಹೆಸರಿನ್ಯಾಗ ಆಕಿ ಜಲ್ಮಾನ ಸವೆಸಿಬಿಟ್ರು. ಆದ್ರೂ ಇದ್ದ ಜಮೀನೆಲ್ಲ ಮಕ್ಕಳು ಓದಲಿ ಅಂತ ಕೊಟ್ಟುಬಿಟ್ಲು. ಈ ಮಾತು ಹೇಳಿದಾಗ ಗಾದೆಪ್ಪ ಅತ್ತುಬಿಟ್ಟ. ಆ ಕಲ್ಲು ಈಗ ಕಾಣಸ್ತೇ ಇಲ್ಲಂತಲ್ಲವ್ವ, ಯಾಕ?"

"ಸಾಲಿಗೆ ಎಪ್ಪತ್ತೈದು ತುಂಬಿದ ಅಮೃತ ಮಹೋತ್ಸವದಾಗ ಗ್ವಾಡಿಗೆ ಹೊಸ ಗಾರೆ ಮಾಡಿಸಿದ್ರಮ್ಮ," ಎಂದೆ ನಾನು. "ಅದಕ್ಕೂ ಮೊದಲು ಆ ಜಾಗದಾಗ ಬೀರು ನಿಂತಿತ್ತು, ನಾವ್ಯಾರೂ ಕಲ್ಲು ನೋಡಿದ್ದಿಲ್ಲ. ಗಾರೆ ಹಾಕಿದಾಗ ಮುಚ್ಚಿಹೋಗಿರಬೇಕು."

ಶೈಲಕ್ಕ ತಟ್ಟನೆ ನನ್ನ ಕಡೆ ತಿರುಗಿದರು. "ಆ ಕೆಲಸ ಯಾರು ನೋಡಿಕೊಂಡಿದ್ರು?"

"ಕಟ್ಟಡ ಸಮಿತಿಯೊಳಗ ವೀರಭದ್ರರ ತಂದಿ ಇದ್ರು, ಕರಿಬಸವ ಸರ್ ಇದ್ರು," ಎಂದೆ.

ಹಿಂತಿರುಗುವಾಗ ಕುರುಗೋಡಿನಲ್ಲಿ ಇಳಿದೆವು. ಬಂಡೆಗುಡ್ಡದ ಕೆಳಗಿನ ಓಣಿಯಲ್ಲಿ ಈರಮ್ಮನ ಕುಲದವರನ್ನು ವಿಚಾರಿಸಿದಾಗ ಹುಲುಗೇಶ ಎಂಬ ಹಿರಿಯರು ಕಟ್ಟೆಯ ಮೇಲೆ ಕೂರಿಸಿದರು.

"ಈರಮ್ಮ ನಮ್ಮ ಅಜ್ಜಿಯ ಅಕ್ಕ. ಆಕಿಗೆ ಒಬ್ಬಾಕೇ ಮಗಳು. ಆ ಮಗಳ ಮಗ ಓದಿ ಬಳ್ಳಾರ್ಯಾಗ ಮೇಷ್ಟ್ರಾದ. ಸಣ್ಣವಿದ್ದಾಗ ನಾವು ಪುಟ್ಯಾ ಅಂತ ಕರೀತಿದ್ವಿ, ಸಾಲ್ಯಾಗ ಏನು ಹೆಸರೋ ಗೊತ್ತಿಲ್ಲ. ಚಂದಾಗಿ ಹಾಡ್ತಿದ್ದ. ಅವ್ವ ಸತ್ತಾಗ ಬಂದು ಮಣ್ಣು ಕೊಟ್ಟು ಹೋದವ ಮತ್ತ ಈ ಕಡೆ ಮುಖ ಹಾಕಿಲ್ಲ. ಪಟೇಲರ ಮನಿತನದವ ಅಂತ ಹೇಳಿಕೋತಾನಂತ. ಹೇಳಿಕೊಳ್ಳಲಿ ಬಿಡ್ರಿ. ನಾವೇನು ಅಂದಿವಿ?"

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

ಮರುದಿನ ಸಂಜೆ ಶೈಲಕ್ಕ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದರು. ನಂದಿನಿ, ವೀರಭದ್ರ, ಕರಿಬಸವ, ಇನ್‌ಸ್ಪೆಕ್ಟರ್, ಗಾದೆಪ್ಪನವರ ಹೆಂಡತಿ. ಗಾರೆ ಕೆಲಸದವನೊಬ್ಬ ಗೋಡೆಯ ಬಳಿ ಕಾಯುತ್ತಿದ್ದ.

"ಮೇಷ್ಟ್ರು ನಿಚ್ಚಣಿಕಿ ಹತ್ತಿಲ್ಲ," ಎಂದು ಶೈಲಕ್ಕ ಶುರುಮಾಡಿದರು. "ಅವರು ಕೆತ್ತಿದ್ದು ಎದಿ ಮಟ್ಟದಾಗ. ನೆಲದ ಮೇಲೆ ನಿಂತು ಮಾಡೋ ಕೆಲಸ. ನಿಚ್ಚಣಿಕಿ ಮೊದಲಽ ಅಲ್ಲಿದ್ದಿದ್ರ ಅದರ ಕಾಲಿನ ಕೆಳಗ ಪುಡಿ ಬೀಳ್ತಿರಲಿಲ್ಲ. ಪುಡಿ ಉದುರಿದ ಮೇಲೆ ಯಾರೋ ತಂದು ನಿಲ್ಲಿಸ್ಯಾರ. ಬಿದ್ದು ಸತ್ತಂಗ ತೋರಸಾಕ."

ವೀರಭದ್ರ ಹಣೆ ಒರೆಸಿಕೊಂಡರು.

"ಎಲ್ಲರೂ ವೀರಭದ್ರ ಅವರ ಮೇಲೆ ಸಂಶಯ ಪಟ್ರಿ. ಆದ್ರ ಮೇಷ್ಟ್ರು ಸಾಯೋ ದಿನ ಮುಂಜಾನೆನ ಇವರು ಫಲಕದ ಕೆಲಸ ನಿಲ್ಲಿಸಿದ್ರು. ಯಾಕ ಅಂತ ಅವರಽ ಹೇಳಲಿ."

"ಮೇಷ್ಟ್ರು ನಮ್ಮ ಅಂಗಡಿಗೆ ಬಂದಿದ್ರು," ಎಂದರು ವೀರಭದ್ರ. "ಜಾಗ ನಿಮ್ಮಜ್ಜಂದಲ್ಲ, ಕಲ್ಲು ತೋರಿಸ್ತೀನಿ ತಡೀರಿ ಅಂದ್ರು. ನಮ್ಮಜ್ಜ ಕೊಟ್ಟಿದ್ದು ಬರೇ ಮಾಳಿಗಿ ತೊಲಿ ಅಂತ ಅಪ್ಪಾನೂ ಒಮ್ಮೆ ಅಂದಿದ್ದ. ಸುಳ್ಳು ಹೆಸರು ಕೆತ್ತಿಸಾಕ ಮನಸ್ಸು ಬರಲಿಲ್ಲ."

"ಹಂಗಾದ್ರ ಇವರಿಗೆ ಕೊಲ್ಲಾಕ ಕಾರಣನ ಉಳಿಲಿಲ್ಲ. ಇನ್ನೊಂದು, ಕನ್ನಡಕ. ಕಲ್ಲಿನ ಅಕ್ಷರ ಓದ್ತಿದ್ದವರ ಕನ್ನಡಕ ಮೂಗಿನ ಮೇಲಿರಬೇಕು. ಅದು ಬಿದ್ದು ಗಾಜು ಸೀಳೇತಿ. ಯಾರೋ ಅದನ್ನ ಆರಿಸಿ, ಮಡಿಚಿ, ಜೇಬಿನಾಗ ಇಟ್ಟಾರ. ವೈರಿ ಹಂಗ ಮಾಡೋದಿಲ್ಲ. ಜೀವದ ಗೆಳೆಯ ಮಾಡ್ತಾನ."

ಯಾರೂ ಕರಿಬಸವ ಅವರ ಕಡೆ ನೋಡಲಿಲ್ಲ. ಅವರೂ ತಲೆ ಎತ್ತಲಿಲ್ಲ.

"ಈಗ ಈ ಕಲ್ಲು ನೋಡ್ರಿ. 'ಕೊಟ್ಟ' ಅನ್ನೋದಷ್ಟ ಕಾಣಸ್ತೈತಿ. ಮುಂದ ಏನೈತಿ? ಕೊಟ್ಟನೋ, ಕೊಟ್ಟಳೋ, ಕೊಟ್ಟರೋ? ಕೆತ್ತಿ ನೋಡದ ಹೇಳಾಕ ಬರೋದಿಲ್ಲ. ನಾವೆಲ್ಲ ಗಂಡಸು ಅಂತಾನ ತಿಳಕೊಂಡಿದ್ವಿ. ಒಬ್ಬರು ಮಾತ್ರ 'ಆಕಿ ಕೊಟ್ಟ ಜಾಗ' ಅಂದ್ರು. ಕಲ್ಲು ಇರೋದಽ ಗೊತ್ತಿಲ್ಲ, ಗಾದೆಪ್ಪ ಏನೂ ಹೇಳಿಲ್ಲ ಅಂದ ಬಾಯಿಂದನ ಆ ಮಾತು ಬಂತು."

ಶೈಲಕ್ಕ ಸನ್ನೆ ಮಾಡಿದರು. ಕೆಲಸದವನು ಗಾರೆ ಕೆಡವಿದ. ದೂಳು ಇಳಿದ ಮೇಲೆ ನಂದಿನಿ ಹತ್ತಿರ ಹೋಗಿ ಓದಿದಳು: "ಕುರುಗೋಡು ಬಸವಿ ಈರಮ್ಮ ಈ ಭೂಮಿಯನ್ನು ಎಲ್ಲ ಜಾತಿಯ ಮಕ್ಕಳ ಓದಿಗೆ ಕೊಟ್ಟಳು."

"ನಿಮ್ಮ ಅಜ್ಜಿ, ಅಲ್ಲೇನ್ರಿ ಸರ್?" ಎಂದರು ಶೈಲಕ್ಕ.

ಕರಿಬಸವ ಮೇಷ್ಟ್ರು ಕಲ್ಲಿನ ಕಡೆ ನೋಡಿದರು. "ಗಾರೆ ಹಾಕಿಸಿದವನೂ ನಾನಽ," ಎಂದರು. "ಆಗ ಯಾರೂ ಕೇಳಲಿಲ್ಲ. ಆ ಸಂಜಿ ಹುಡುಗರು ಹೋದ ಮೇಲೆ ಗಾದೆಪ್ಪ ನನ್ನ ಇಲ್ಲಿಗೆ ಕರೆದ. ನಮ್ಮವ್ವನ ಊರು ಅವಗ ಗೊತ್ತಿತ್ತು, ಎಲ್ಲಾ ತಾಳೆ ಹಾಕಿ ತಿಳಕೊಂಡಿದ್ದ. ನಗತಿದ್ದ. 'ಲೇ ಕರಿಬಸ್ಯಾ, ನಾಡದು ವೇದಿಕಿ ಮ್ಯಾಲೆ ಈರಮ್ಮನ ಮೊಮ್ಮಗ ಅಂತ ನೀನಽ ಕುಂದರಬೇಕು' ಅಂದ. ಮೊಮ್ಮಗಳು ಚೈತ್ರಾನ ಲಗ್ನ ಗೊತ್ತಾಗೇತಿ, ಬೀಗರಿಗೆ ಗೊತ್ತಾದ್ರ ಮುರಿದು ಬೀಳ್ತೈತಿ, ಕಾಲಿಗೆ ಬೀಳ್ತೀನಿ ಬಿಡೋ ಅಂದೆ. ಅವ ಕೇಳಲಿಲ್ಲ. ಇದರಾಗ ನಾಚಿಕಿ ಏನೈತಿ ಅಂದ. ಕೈಯಾಗಿನ ಉಳಿ ಕಸಗೊಳ್ಳಾಕ ಹೋದೆ. ನೂಕಿಬಿಟ್ಟೆ."

"ಬಿದ್ದಾಗ ಉಸಿರಿತ್ತೇನ್ರಿ?" ಶೈಲಕ್ಕನ ದನಿ ತೀರ ಸಣ್ಣದಾಗಿತ್ತು.

ಕರಿಬಸವ ಉತ್ತರಿಸುವ ಮುನ್ನ ಗಾದೆಪ್ಪನವರ ಹೆಂಡತಿಯ ಕಡೆ ನೋಡಿದರು.

"ಇತ್ತು," ಎಂದರು. "ಕೂಗಿದ್ರ ಯಾರಾದ್ರೂ ಬರ್ತಿದ್ರು. ಕೂಗಲಿಲ್ಲ."

ಆ ತಾಯಿ ಅಳಲಿಲ್ಲ. "ನಮ್ಮ ಮನ್ಯಾಗ ಉಂಡವ ನೀನು," ಎಂದಷ್ಟೇ ಹೇಳಿ ಸೆರಗು ಬಾಯಿಗೆ ಒತ್ತಿಕೊಂಡರು. ಇನ್‌ಸ್ಪೆಕ್ಟರ್ ಕರಿಬಸವರ ತೋಳು ಹಿಡಿದು ಎಬ್ಬಿಸಿದರು. ಬಾಗಿಲು ದಾಟುವವರೆಗೂ ಅವರು ಆ ಕಲ್ಲಿನ ಕಡೆ ಮತ್ತೆ ತಿರುಗಲಿಲ್ಲ.

ಅಂದು ಮನೆಗೆ ಬಂದ ಮೇಲೆ ಶೈಲಕ್ಕ ಊಟ ಮಾಡಲಿಲ್ಲ. "ಕಳ್ಳನ್ನ ಹಿಡಿದಾಗ ಹಗುರ ಅನಸ್ತೈತಿ ಕಾವೇರಿ," ಎಂದರು. "ಇವತ್ತು ಹಂಗ ಅನಸವಲ್ದು."

ತಿಂಗಳು ಕಳೆದು ಶತಮಾನೋತ್ಸವ ಸರಳವಾಗಿ ನಡೆಯಿತು. ಫಲಕವಿಲ್ಲ, ಸನ್ಮಾನವಿಲ್ಲ. ಗಾದೆಪ್ಪನವರು ಹೇಳಬೇಕಾಗಿದ್ದ ಚರಿತ್ರೆಯನ್ನು ನಂದಿನಿ ಹೇಳಿದಳು. ಈರಮ್ಮನ ಹೆಸರು ಬಂದಾಗ, ಆಕೆಯ ಮನೆಯವರು ಯಾರಾದರೂ ಇದ್ದರೆ ಮುಂದೆ ಬರಬೇಕೆಂದು ಕೇಳಿಕೊಂಡಳು. ಹುಲುಗೇಶರು ಬರಬಹುದೆಂದು ನಾನು ಹಿಂದೆ ತಿರುಗಿ ನೋಡಿದೆ.

ಕಂಬದ ಬಳಿ ನಿಂತಿದ್ದ ಹುಡುಗಿಯೊಬ್ಬಳು ಮುಂದೆ ಬಂದಳು.

"ನಾನು ಚೈತ್ರಾ," ಎಂದಳು. "ಈರಮ್ಮ ನಮ್ಮ ತಾತನ ಅಜ್ಜಿ. ಲಗ್ನ ನಾನಽ ಬ್ಯಾಡ ಅಂದೀನಿ. ನನಗ ಈ ಹೆಸರು ಮೊದಲಽ ಹೇಳಿದ್ರ..."

ಮುಂದಿನ ಸಾಲಿನಲ್ಲಿ ಒಂದೇ ಕುರ್ಚಿ ಖಾಲಿಯಿತ್ತು, ಗಾದೆಪ್ಪನವರ ಹೆಂಡತಿಯ ಪಕ್ಕದ್ದು. ಚೈತ್ರಾ ಅದರ ಮುಂದೆ ಕೂರಲಾರದೆ ನಿಂತಳು. ಆ ತಾಯಿ ಅವಳ ಮುಖ ನೋಡಲಿಲ್ಲ. ಆದರೆ ಕುರ್ಚಿಯ ಮೇಲೆ ಹರಡಿದ್ದ ತಮ್ಮ ಸೆರಗನ್ನು ಮೆಲ್ಲಗೆ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಹುಡುಗಿ ಕುಳಿತಳು.