ನಡುವಿನ ಡ್ರಮ್

"ಇಪ್ಪತ್ತೇಳು, ನಿನ್ನ ಎಡಗೈ ಸುಳ್ಳು ಹೇಳ್ತಿದೆ."

ವೆರಾ ಬಾರಿಸುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಆಯ್ಕೆ ಶಿಬಿರದಲ್ಲಿ ಯಾರಿಗೂ ಹೆಸರಿಲ್ಲ, ಅಂಗಿಗೆ ಅಂಟಿಸಿದ ನಂಬರೇ ಹೆಸರು. ಎದುರಿಗಿದ್ದವನ ಅಂಗಿಯ ಮೇಲೆ ಮಾತ್ರ ನಂಬರ್ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಡೇರಿಯಸ್ ಪ್ರುಯಿಟ್... ಹೆರನ್ ಡ್ರಮ್ ಕೋರ್ ಎಂಬ ಕವಾಯತು ವಾದ್ಯತಂಡದಲ್ಲಿ ಎರಡು ವರ್ಷದಿಂದ ನಡುವಿನ ಡ್ರಮ್ ಅವನದು.

"ಸುಳ್ಳಾ?"

"ಬಲಗೈ ಧೈರ್ಯವಾಗಿ ಹೊಡೆಯುತ್ತೆ, ಎಡಗೈ ಅದರ ಹಿಂದೆ ಬಚ್ಚಿಟ್ಕೊಳ್ಳುತ್ತೆ. ಹೋದ ವರ್ಷಾನೂ ಹೀಗೇ ಮಾಡಿದ್ದೆ. ಅದರ ಹಿಂದಿನ ವರ್ಷಾನೂ."

ಅವಳ ಕಿವಿ ಬಿಸಿಯಾಯಿತು. ಎರಡು ಸಲ ಬಂದಿದ್ದಳು, ಎರಡು ಸಲವೂ ಚೀಲ ಹೆಗಲಿಗೇರಿಸಿ ವಾಪಸು ಹೋಗಿದ್ದಳು. ಅದನ್ನೆಲ್ಲ ಇವನು ನೆನಪಿಟ್ಟುಕೊಂಡಿದ್ದಾನಾ?

ಇಪ್ಪತ್ತೊಂದು ವರ್ಷ ದಾಟಿದವರನ್ನು ಯಾವ ಕೋರ್‌ನವರೂ ತೆಗೆದುಕೊಳ್ಳುವುದಿಲ್ಲ. ವೆರಾಗೆ ಈಗ ಇಪ್ಪತ್ತೊಂದು. ಇದೇ ಕೊನೆಯ ಸಲ.

"ಹಾಗಾದ್ರೆ ನಿಜ ಹೇಳೋದು ಹೇಗೆ ಅಂತ ಕಲಿಸು," ಅಂದಳು. ಬೈದಂತಿತ್ತು ಆ ಮಾತು. ಅವನು ನಕ್ಕುಬಿಟ್ಟ. ಶಿಬಿರ ನಡೆಯುತ್ತಿದ್ದ ಜಿಮ್‌ನ ಮರದ ಮೆಟ್ಟಿಲ ಮೇಲೆ ಕೂತು, ಊಟದ ಹೊತ್ತು ಮುಗಿಯುವವರೆಗೂ ಕಲಿಸಿದ.

ನವೆಂಬರ್ ಶಿಬಿರ ಮುಗಿದು ಡಿಸೆಂಬರ್ ಶಿಬಿರ ಬರುವಷ್ಟರಲ್ಲಿ ಒಂದು ತಿಂಗಳು. ಅವಳು ತನ್ನೂರು ಡುಬ್ಯೂಕ್‌ನಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ದಿಂಬಿನ ಮೇಲೆ ಬಾರಿಸುತ್ತಾ ದಿನಕ್ಕೊಂದು ವಿಡಿಯೋ ಕಳಿಸಿದಳು. ಮೊದಲ ವಾರ ಅವನ ಉತ್ತರ ಒಂದೇ ಮಾತು: "ಎಡಗೈ." ಎರಡನೇ ವಾರ: "ಪರವಾಗಿಲ್ಲ." ಮೂರನೇ ವಾರ ಅವಳು ಒಂದು ದಿನ ತಪ್ಪಿಸಿದಾಗ, ಯಾಕೋ ಏನೋ... "ಇವತ್ತು ಕಳಿಸಲಿಲ್ಲ ಯಾಕೆ? ಹುಷಾರಾಗಿದ್ದೀಯ ತಾನೇ?"

ಆ ಮಾತನ್ನು ಅವಳು ಎಷ್ಟು ಸಲ ಓದಿದಳೋ ಅವಳಿಗೇ ಗೊತ್ತು.

ಡಿಸೆಂಬರಿನ ಕೊನೆಯ ಸುತ್ತು. ಒಂಬತ್ತು ಜಾಗಕ್ಕೆ ಉಳಿದವರು ಡೇರಿಯಸ್ ಸೇರಿ ಹದಿನಾಲ್ಕು ಜನ. ಸಾಲಾಗಿ ನಿಲ್ಲಿಸಿದ್ದರು. ವೆರಾಳ ಜಾಗ ಡೇರಿಯಸ್‌ನ ಪಕ್ಕದಲ್ಲೇ.

ಇಲ್ಲಿಯ ಕಟ್ಟಳೆ ಒಂದೇ. ಎಲ್ಲರ ಕಿವಿಯೂ ನಡುವಿನ ಡ್ರಮ್ಮಿನ ಕಡೆಗಿರಬೇಕು. ಅವನು ಕೋಲಿನಿಂದ ನಾಲ್ಕು ಏಟು ಕೊಟ್ಟ ಮೇಲೆ ಉಳಿದವರು ಶುರುಮಾಡಬೇಕು, ಅವನ ಜೊತೆಗೇ ಹೋಗಬೇಕು. ಅವನು ತಪ್ಪಿದರೆ ಸಾಲಿಗೆ ಸಾಲೇ ಚೆಲ್ಲಾಪಿಲ್ಲಿ.

ಟಕ್, ಟಕ್, ಟಕ್, ಟಕ್.

ಹದಿನಾಲ್ಕು ಡ್ರಮ್ಮುಗಳು ಒಂದೇ ಬಾಯಿಂದ ಮಾತಾಡಿದವು. ವೆರಾಳ ಎಡಗೈ ಬಲಗೈಗೆ ಸಮನಾಗಿ ಓಡುತ್ತಿತ್ತು. ಅಷ್ಟರಲ್ಲಿ...

ಪಕ್ಕದ ಸದ್ದು ನಿಂತುಹೋಯಿತು.

ಕಣ್ಣಂಚಿನಲ್ಲಿ ಕಂಡಿತು. ಡೇರಿಯಸ್‌ನ ಎರಡೂ ಕೋಲು ಡ್ರಮ್ಮಿನಿಂದ ಒಂದಂಗುಲ ಮೇಲೆ, ಕಲ್ಲಾದಂತೆ.

ಇವನೇನು ಮಾಡ್ತಿದ್ದಾನೆ? ಯಾರನ್ನು ಕೇಳಿಸಿಕೊಳ್ಳಲಿ ನಾನು ಈಗ? ಕಾಲಿನ ಹೆಜ್ಜೆಯೊಂದನ್ನೇ ನಂಬಿ ಬಾರಿಸುತ್ತಲೇ ಹೋದಳು. ಕೊನೆಯ ಏಟು ಬಿತ್ತು.

"ಪ್ರುಯಿಟ್, ಕೋಲು ಮುರೀತಾ?" ತರಬೇತುದಾರ ಹಾಲಿಸ್ ನಿಧಾನವಾಗಿ ಕೇಳಿದರು.

"ಇಲ್ಲ."

"ಕೈ ನೋವಾ?"

"ಇಲ್ಲ. ನಾನೇ ನಿಲ್ಲಿಸಿದೆ."

ಹಾಲಿಸ್ ಅವನನ್ನೊಮ್ಮೆ, ವೆರಾಳನ್ನೊಮ್ಮೆ ನೋಡಿ ಒಳಗೆ ಹೋದರು.

ಕಾರಿಡಾರಿನಲ್ಲಿ ವೆರಾ ಅವನ ತೋಳು ಹಿಡಿದು ತಿರುಗಿಸಿದಳು. "ನನ್ನ ಕೊನೇ ಸಲ ಅಂತ ಗೊತ್ತಿತ್ತಲ್ವಾ ನಿಂಗೆ? ಪಕ್ಕದಲ್ಲಿ ನಿಂತು ಬೆನ್ನಿಗೆ ಚೂರಿ ಹಾಕ್ಬಿಟ್ಯಲ್ಲೋ!"

"ವೆರಾ, ಒಂದ್ನಿಮಿಷ..."

"ಕಲಿಸಿದ್ದು ಇದಕ್ಕೇನಾ? ಎಲ್ರ ಮುಂದೆ ಬೀಳಿಸೋದಕ್ಕೆ?"

ಅವನ ಮುಖ ಬಿಳಿಚಿತು. ಉತ್ತರ ಬರುವ ಮೊದಲೇ ಒಳಗಿನಿಂದ ಕೂಗಿದರು. ಪಟ್ಟಿ ತಯಾರಾಗಿತ್ತು.

ಹಾಲಿಸ್ ಸಾಲಿನ ತುದಿಗಳಿಂದ ನಡುವಿನ ಕಡೆಗೆ ಓದುತ್ತಾ ಬಂದರು. "ಎಡತುದಿ, ಪ್ರುಯಿಟ್."

ಜಿಮ್ ತುಂಬಾ ಗುಸುಗುಸು. ಎರಡು ವರ್ಷ ನಡುವೆ ನಿಂತವನು ತುದಿಗೆ?

ಒಂದೊಂದೇ ನಂಬರ್ ಬಂತು. ಎಂಟು ಜಾಗ ತುಂಬಿದವು. ಇಪ್ಪತ್ತೇಳು ಬರಲಿಲ್ಲ. ವೆರಾ ಸದ್ದಾಗದಂತೆ ಚೀಲಕ್ಕೆ ಕೈಹಾಕಿದಳು. ಮುಗೀತು... ಅಮ್ಮನಿಗೆ ಫೋನ್ ಮಾಡಬೇಕು.

"ನಡು, ಇಪ್ಪತ್ತೇಳು. ನಿನ್ನ ಹೆಸರೇನಮ್ಮಾ?"

ಅವಳಿಗೆ ಹೆಸರೇ ಮರೆತುಹೋಗಿತ್ತು. ಯಾರೋ ತಿವಿದರು. "ವೆ... ವೆರಾ. ವೆರಾ ಲಿಂಡ್‌ಕ್ವಿಸ್ಟ್."

"ಅವನು ನಿಲ್ಲಿಸಿದ ಮೇಲೂ ಸಾಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಯಾಕೆ ಗೊತ್ತಾ? ಎಲ್ರೂ ನಿನ್ನನ್ನೇ ಕೇಳಿಸ್ಕೊಳ್ತಿದ್ರು." ಹಾಲಿಸ್ ಡೇರಿಯಸ್ ಕಡೆ ತಿರುಗಿದರು. "ಇನ್ನೊಂದ್ಸಲ ನನಗೇನಾದ್ರೂ ಹೇಳ್ಬೇಕು ಅನ್ನಿಸಿದ್ರೆ ಬಾಯಲ್ಲಿ ಹೇಳಪ್ಪಾ. ಬೇಸಿಗೆ ಪೂರ್ತಿ ಎಲ್ರ ನೀರಿನ ಕ್ಯಾನ್ ನೀನೇ ಹೊರ್ತೀಯ."

ಜನ ಕರಗಿದ ಮೇಲೆ ಅವನು ಮರದ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ವೆರಾ ಹೋಗಿ ಪಕ್ಕದಲ್ಲಿ ಕೂತಳು.

"ನನ್ನನ್ನ ಕೇಳ್ಬೇಕಿತ್ತು ನೀನು."

"ಹೌದು, ತಪ್ಪಾಯ್ತು. ಮೊದ್ಲೇ ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಅದಕ್ಕೇ ಕೇಳ್ಬೇಕಿತ್ತು." ಅವಳು ಅವನ ಕಡೆ ತಿರುಗಿದಳು. "ನಿನ್ನ ಜಾಗ ಕಣೋ ಅದು. ಹೊಟ್ಟೆ ಉರಿಯಲ್ವಾ?"

"ಉರಿಯುತ್ತೆ. ಸುಳ್ಯಾಕೆ ಹೇಳ್ಲಿ?" ಅವನು ಅಂಗೈಯ ಬೊಬ್ಬೆ ನೋಡಿಕೊಂಡ. "ನನಗೆ ಮುಂದಿನ ವರ್ಷ ಇದೆ, ನಿನಗಿಲ್ಲ ಅಂತ ಕನಿಕರಕ್ಕೆ ಮಾಡಿದ್ದಲ್ಲ ಇದು. ನಡುವೆ ನಿಂತವನು ಯಾರನ್ನೂ ಕೇಳಿಸ್ಕೋಬಾರ್ದು. ನಾನು ನವೆಂಬರ್‌ನಿಂದ ನಿನ್ನನ್ನೇ ಕೇಳಿಸ್ಕೊಳ್ತಿದ್ದೀನಿ."

"ಡ್ರಮ್ಮನ್ನಾ?"

"ಡ್ರಮ್ಮನ್ನೂ."

ವೆರಾ ಅವನ ಬೊಬ್ಬೆಯ ಅಂಗೈಯನ್ನು ತನ್ನ ಬೊಬ್ಬೆಯ ಅಂಗೈಯೊಳಗೆ ತೆಗೆದುಕೊಂಡಳು.

"ಇಬ್ರಿಗೂ ಉರಿಯುತ್ತೆ," ಅಂದ ಅವನು.

"ಉರೀಲಿ ಬಿಡು."

ನೆಲ ಒರೆಸುತ್ತಾ ಬಂದ ಹೆಂಗಸು ಅವರ ಮುಂದೆ ನಿಂತು ಒರೆಸುವ ಕೋಲನ್ನು ನೆಲಕ್ಕೆ ಕುಟ್ಟಿದಳು. ಇಬ್ಬರೂ, ಕೈ ಬಿಡದೆ, ಕಾಲು ಮೇಲೆತ್ತಿಕೊಂಡರು.