ಅರ್ಧ ಹೊಳಪು ಉಳಿಯಲಿ

"ಇದು ಸಾಗಣೆ ಅಲ್ಲ ಮೇಡಂ... ಸೋರಿಕೆ!"

ಲ್ಯಾಬಿನ ಸಭೆಯಲ್ಲಿ ಹೊಸಬ ಮುಖ್ಯಸ್ಥೆಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟ. ತನ್ನ ಫಲಿತಾಂಶ ತೋರಿಸುತ್ತ ನಿಂತಿದ್ದ ಅವಳ ಮೈಯೆಲ್ಲ ಉರಿದುಹೋಯಿತು. ಸೇರಿ ತಿಂಗಳಾಗಿಲ್ಲ, ಆಗಲೇ ನನ್ನ ವರ್ಷಗಳ ದುಡಿಮೆಗೆ ಕಲ್ಲು ಹಾಕ್ತಾನಾ!

ಜೀವಕೋಶದ ಪೊರೆಗೆ ಕೊಬ್ಬಿನ ಎರಡು ಪದರ. ಒಳಪದರದ ಕೊಬ್ಬನ್ನು ಹೊರಪದರಕ್ಕೆ ದಾಟಿಸುವ ಪ್ರೋಟೀನು ತನಗೆ ಸಿಕ್ಕಿದೆ ಎಂದು ಅವಳು ನಂಬಿದ್ದಳು. ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ಅದನ್ನು ಕೂರಿಸಿ, ಕೊಬ್ಬಿಗೆ ಹೊಳೆಯುವ ಬಣ್ಣ ಕಟ್ಟಿದ್ದಳು. ಹೊರಗೆ ಹಾಕಿದ ರಾಸಾಯನಿಕ ಹೊರಪದರದ ಹೊಳಪನ್ನಷ್ಟೇ ಆರಿಸುತ್ತದೆ. ಪೂರ್ತಿ ಆರಿದರೆ ಒಳಗಿನ ಕೊಬ್ಬೂ ಹೊರಗೆ ಬಂತೆಂದು ಅರ್ಥ. ಆರಿತ್ತು!

"ಗುಳ್ಳೆ ತೂತಾಗಿ ರಾಸಾಯನಿಕ ಒಳಗೆ ಹೋದ್ರೂ ಆರುತ್ತೆ," ಎಂದ ಅವನು. "ಪ್ರೋಟೀನಿಗೆ ಇಂಧನ ಕೊಡದೆ ನೋಡಿ. ಆಗ ಅದು ದಾಟಿಸಲ್ಲ, ಒಳಪದರದ ಅರ್ಧ ಹೊಳಪು ಉಳೀಬೇಕು."

ಮೇಡಂ ಕನ್ನಡಕ ತೆಗೆದರು. "ಶುಕ್ರವಾರದೊಳಗೆ ತೋರಿಸಮ್ಮ. ಇಲ್ಲಾಂದ್ರೆ ಈ ಕೆಲಸ ಇಲ್ಲಿಗೇ ನಿಲ್ಲಿಸೋಣ."

ನನ್ನ ಜಾಗದ ಮೇಲೆ ಕಣ್ಣು ಇವನಿಗೆ... ತೋರಿಸ್ತೀನಿ ತಾಳು!

ಮರುದಿನವೇ ಇಂಧನವಿಲ್ಲದೆ ಪರೀಕ್ಷಿಸಿದಳು. ಹೊಳಪು ಪೂರ್ತಿ ಆರಿಹೋಯಿತು. ಅಂದರೆ... ಅವನೇ ಸರಿ!

ಆದರೆ ಅಳುತ್ತಾ ಕೂರುವ ಹೆಣ್ಣಲ್ಲ ಅವಳು. ಎಲ್ಲಿ ತೂತಾಯಿತು? ಸೋಪು! ಪ್ರೋಟೀನನ್ನು ಪೊರೆಯಿಂದ ಬಿಡಿಸಲು ಬಳಸಿದ ಸೋಪನ್ನು ಅವಸರದಲ್ಲಿ ಪೂರ್ತಿ ತೆಗೆದಿರಲಿಲ್ಲ. ಅದೇ ಗುಳ್ಳೆಗಳನ್ನು ಕೆಡಿಸಿತ್ತು. ಮತ್ತೆ ಮೊದಲಿಂದ ಶುರು ಮಾಡಿದಳು. ಸೋಪು ಹೀರುವ ಮಣಿಗಳನ್ನು ಬದಲಿಸಿ ಬದಲಿಸಿ ಹಾಕಿದಳು.

ಪಕ್ಕದ ಮೇಜಿನಿಂದ ಆ ಹೊಸಬ ತನ್ನ ಮಣಿಗಳ ಡಬ್ಬಿಯನ್ನು ಮೆಲ್ಲಗೆ ಇತ್ತ ತಳ್ಳಿದ. "ನಿಮ್ದು ಖಾಲಿಯಾಗಿದೆ..."

"ನಿಮ್ಮ ಕನಿಕರ ಬೇಡ!" ಎಂದಳು. ಡಬ್ಬಿಯನ್ನು ಮಾತ್ರ ತೆಗೆದುಕೊಂಡಳು. ಹಟ ಹಟವೇ, ಕೆಲಸ ಕೆಲಸವೇ.

ಶುಕ್ರವಾರ ಬೆಳಿಗ್ಗೆ ಮೇಡಂ ಬಂದು ನಿಂತರು. ಇಂಧನವಿಲ್ಲದ ಗುಳ್ಳೆಗಳಿಗೆ ಅವಳು ರಾಸಾಯನಿಕ ಹಾಕಿದಳು; ಪರದೆಯ ಮೇಲೆ ಹೊಳಪಿನ ಗೆರೆ ಇಳಿಯಿತು... ಇಳಿಯಿತು... ಅರ್ಧಕ್ಕೆ ನಿಂತಿತು! ಅವಳು ಇಂಧನ ಹಾಕಿದಳು. ಗೆರೆ ಮತ್ತೆ ಇಳಿದು ತಳ ಮುಟ್ಟಿತು.

"ದಾಟಿಸ್ತಿದೆ ಕಣಮ್ಮಾ!" ಮೇಡಂ ಅವಳ ಬೆನ್ನು ತಟ್ಟಿ ಹೊರಟರು.

ಉಳಿದದ್ದು ಅವಳೂ ಹೊಸಬನೂ ಇಬ್ಬರೇ.

"ಸೋರಿಕೆ ನಿಜವಾಗಿತ್ತು," ಅವಳೇ ಒಪ್ಪಿಕೊಂಡಳು. "ಆದ್ರೆ ಎಲ್ಲರೆದುರು ಯಾಕೆ ಹೇಳಿದ್ರಿ? ನನ್ನ ಜಾಗ ಬೇಕಿತ್ತಾ?"

"ಮೇಡಂ ಅವತ್ತೇ ಅದನ್ನ ಪ್ರಕಟಣೆಗೆ ಕಳಿಸೋರಿದ್ರು. ಆಮೇಲೆ ಹೊರಗಿನವರು ನಿಮ್ಮನ್ನ ಸುಳ್ಳುಗಾರ್ತಿ ಅಂದಿದ್ರೆ... ನನಗೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ." ಅವನ ದನಿ ನಡುಗಿತು. "ಹೋದ ವರ್ಷ ಸಮ್ಮೇಳನದಲ್ಲಿ ನಿಮ್ಮ ಮಾತು ಕೇಳಿದ್ದೆ. ಈ ಲ್ಯಾಬಿಗೆ ಬಂದಿದ್ದೇ ಅದಕ್ಕೆ."

ಅವಳ ಎದೆ ಹೊಡೆದುಕೊಂಡಿತು. "ನಾನು ನಿಮಗೇನಾಗ್ಬೇಕು?"

"ಇನ್ನೂ ಏನೂ ಆಗಿಲ್ಲ... ಆಗ್ತೀರಾ ಅಂತ ಕೇಳೋಕೆ ಧೈರ್ಯ ಸಾಲ್ತಿಲ್ಲ."

ಅವಳ ಕಣ್ಣು ತುಂಬಿ ಬಂತು, ನಗುವೂ ಬಂತು. "ನನ್ನ ತಪ್ಪು ಹಿಡಿಯೋಕೆ ಮಾತ್ರ ಧೈರ್ಯ ಇತ್ತಾ? ಕೇಳಿ!"

"...ಆಗ್ತೀರಾ?"

"ಆಗ್ತೀನಿ."