ಎರಡನೇ ಸಾಲು

ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದೆ. ಒಳಗೆ ಮಗಳು ಹಾಡುವುದು ಕೇಳಿ ಕೈ ನಿಂತಿತು. ಅದು ನನ್ನಮ್ಮ ತಾನೇ ಕಟ್ಟಿ, ನನಗೆ ಜಡೆ ಹಾಕುವಾಗ ಹಾಡುತ್ತಿದ್ದ ಹಾಡು. ಹಲ್ಲಲ್ಲಿ ರಿಬ್ಬನ್ ಕಚ್ಚಿರುತ್ತಿದ್ದರಿಂದ ಎರಡನೇ ಸಾಲು ಬರೀ ಗುನುಗು. ಮಗಳೂ ಆ ಸಾಲನ್ನು ಬಾಯಿ ಮುಚ್ಚಿಯೇ ಗುನುಗಿದಳು.

ಅವಳು ಹುಟ್ಟುವ ಮೊದಲೇ ಅಮ್ಮ ತೀರಿಕೊಂಡಳು. ಕೊನೆಯ ದಿನ, ಆಸ್ಪತ್ರೆಯ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ, ಆ ಹಾಡು ಹೇಳೆಂದು ಕೇಳಿದ್ದಳು. ನಾನು ಹಾಡದೆ ಅವಳ ಹೊದಿಕೆ ಸರಿಮಾಡಿದೆ. ಅದನ್ನು ಯಾರಿಗೂ ಹೇಳಿಲ್ಲ. ಆ ಹಾಡನ್ನು ಮತ್ತೆ ಹಾಡಿಯೂ ಇಲ್ಲ.

"ಯಾರೇ ಕಲಿಸಿದ್ದು, ಗಿಣಿಮರಿ?" ಎನ್ನುತ್ತಾ ಒಳಗೆ ಹೋದೆ.

ಮಣೆಯ ಮೇಲೆ ಕೂತಿದ್ದವಳು ತಿರುಗಲಿಲ್ಲ. "ತಲೆ ಅಲ್ಲಾಡಿಸ್ಬಾರ್ದಂತೆ."

ನಾನಿನ್ನೂ ಅವಳ ತಲೆ ಬಾಚಿರಲಿಲ್ಲ. ಆದರೂ ಜಡೆ ಬಿಗಿಯಾಗಿತ್ತು, ರಿಬ್ಬನ್ನಿನ ತುದಿ ಒದ್ದೆಯಾಗಿತ್ತು.

"ಅಮ್ಮಾ, ಅಜ್ಜಿ ಕೇಳಿದಾಗ ನೀನ್ಯಾಕೆ ಹಾಡ್ಲಿಲ್ಲ?"